ಚಿದ್ರಿ ಬಯಲಿನ ಪರವಾನಗಿ

ಹೋದ ತಿಂಗಳು ಕಣ್ಣು ತೋರಿಸಿಕೊಳ್ಳಲು ಭಾಲ್ಕಿಯಿಂದ ಬೀದರಿಗೆ ಹೋಗಿದ್ದೆ. ದವಾಖಾನೆ ಮುಗಿಸಿ ಚಿದ್ರಿಯಲ್ಲಿರುವ ಮೊಮ್ಮಗಳ ಮನೆಗೆ ಆಟೋದಲ್ಲಿ ಹೊರಟಾಗ ಒಂದು ಕಾಂಪೌಂಡ್ ಗೋಡೆಯ ಮುಂದೆ ಗದ್ದಲವೋ ಗದ್ದಲ. ಗೋಡೆಗೆ ನೋಟಿಸು ಅಂಟಿಸಿದ್ದರು. ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಅನುಮತಿ ಕೇಳಿ ಅರ್ಜಿ ಬಂದಿದೆ, ನಿವಾಸಿಗಳ ಆಕ್ಷೇಪಣೆಗಳಿದ್ದರೆ ತಿಳಿಸಬೇಕು ಎಂದು ಅದರಲ್ಲಿತ್ತು. "ಮಕ್ಕಳ ಪರೀಕ್ಷಾ ಅದಾವ, ಬರೆ ಧಡ್ ಧಡ್ ಅಂದ್ರ ಹ್ಯಾಂಗ್ರಿ?" ಎಂದು ಒಬ್ಬ ಹೆಣ್ಣುಮಗಳು ಕೂಗುತ್ತಿದ್ದಳು. "ಊರಿಗೊಂದು ಖುಷಿ ಬ್ಯಾಡೇನ್ರಿ ಹಂಗಾರ?" ಎಂದು ಒಬ್ಬ ಹುಡುಗ ಅಷ್ಟೇ ಜೋರಾಗಿ ಉತ್ತರ ಕೊಡುತ್ತಿದ್ದ.

ನಾನು ಆಟೋ ನಿಲ್ಲಿಸಿ ಇಳಿದೇಬಿಟ್ಟೆ. ಕಣ್ಣಿಗೆ ಹಾಕಿದ ಔಷಧಿಯಿಂದ ಅಕ್ಷರಗಳೆಲ್ಲ ಮಸುಕು. ಆದರೆ 'ಆಕ್ಷೇಪಣೆ' ಎಂಬ ಒಂದು ಪದ ಮಾತ್ರ ಸ್ಪಷ್ಟವಾಗಿ ಕಂಡಿತು. ಕಾಣದೆ ಏನು? ಈ ಊರಿನ ನಗರಸಭೆಯ ಕಾಗದದ ಮೇಲೆ ಆ ಪದವನ್ನು ಮೊದಲು ಬರೆದವಳು ನಾನೇ ಇರಬೇಕು!

ಅದು ನಾವು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, 1956. ನನಗಾಗ ಇಪ್ಪತ್ತೆರಡು. ಹುಟ್ಟಿದ್ದು ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ. ಶಾಲೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಅಪ್ಪ ಹಟ ಹಿಡಿದು ಕನ್ನಡ ಅಕ್ಷರ ತಿದ್ದಿಸಿದ್ದರು. ಅದರ ಬಲದಿಂದಲೇ ಬೀದರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿ, ಚಿದ್ರಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ದಸರೆ ಮುಗಿಯುತ್ತಿದ್ದಂತೆ ನಗರಸಭೆಯಿಂದ ಕರೆ ಬಂತು. ಇನ್ನು ಕಾಗದಪತ್ರಗಳೆಲ್ಲ ಕನ್ನಡದಲ್ಲಿ ಆಗಬೇಕು, ಕಚೇರಿಯಲ್ಲಿ ಸರಿಯಾಗಿ ಕನ್ನಡ ಬರೆಯುವವರು ಒಬ್ಬರೂ ಇಲ್ಲ, ಮೂರು ತಿಂಗಳು ಟೀಚರಮ್ಮನನ್ನು ಕಳಿಸಿಕೊಡಿ ಎಂದು.

ಎಂಥ ದಿನಗಳವು! ಮಳೆ ಹಿಂದೆ ಸರಿದಿತ್ತು. ಬೀದರಿನ ಕೆಂಪು ಮಣ್ಣು ಇನ್ನೂ ಒದ್ದೆ. ಊರ ಹೊರಗೆ ಕಾಲಿಟ್ಟರೆ ಹಳದಿ ಹೂ ಬಿಟ್ಟ ತೊಗರಿ ಹೊಲ. ಬೆಳಗಿನ ಚಳಿಗೆ ಶಾಲು ಹೊದ್ದು ಕಚೇರಿಗೆ ನಡೆದರೆ ದಾರಿಯುದ್ದಕ್ಕೂ ಒಂದೇ ಮಾತು: ಯಾವ ತಾಲೂಕು ಯಾವ ಕಡೆ? ಜಿಲ್ಲೆಯ ಕೆಲವು ತಾಲೂಕು ಮುಂಬಯಿ ಕಡೆಗೆ, ಕೆಲವು ಆಂಧ್ರದ ಕಡೆಗೆ. ಬೀದರ, ಭಾಲ್ಕಿ, ಔರಾದ ಮೈಸೂರಿಗೆ. ನಗರಸಭೆ ಅಧ್ಯಕ್ಷರಾದ ಖಾದರ್ ಸಾಹೇಬರು ಬಿಳಿ ಗಡ್ಡ ನೀವುತ್ತ, "ನಮ್ಮ ಬೀಗರ ಮನಿ ನೋಡವಾ, ಮುಂದಿನ ತಿಂಗಳದಿಂದ ಬ್ಯಾರೆ ಮುಲುಕ್! ಮಗಳನ್ನ ನೋಡ್ಲಾಕ ಪರದೇಶಕ್ಕ ಹೋಗಬೇಕು ನಾ" ಎಂದು ನಗುತ್ತಿದ್ದರು. ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಂಡು ಒಂದೊಂದೇ ಉರ್ದು ಪದ ಹೇಳಿ ಕನ್ನಡ ಕೇಳುತ್ತಿದ್ದರು.

"ಇಜಾಜತ್‌ನಾಮಾಕ್ಕ ಏನಂತೀರಿ?"

"ಪರವಾನಗಿರಿ."

"ಉಜ್ರ?"

"ಆಕ್ಷೇಪಣೆರಿ."

"ತೌಬಾ! ಇಷ್ಟು ಉದ್ದ ಪದಾ ಇದ್ರ ಯಾರು ಉಜ್ರ ಮಾಡ್ತಾರ?" ಎಂದು ಅವರು ನಕ್ಕರು. ಎರಡೇ ದಿನದಲ್ಲಿ ಉಜ್ರ ಬಂದೇ ಬಂತು.

ಮೊದಲು ಬಂದದ್ದು ಅರ್ಜಿ. ನಗರಸಭೆ ಸದಸ್ಯರಾಗಿದ್ದ ವಕೀಲ ಶಿವಲಿಂಗಪ್ಪನವರು ಹೊಸ ರಾಜ್ಯದ ಸಂಭ್ರಮಕ್ಕೆಂದು ಚಿದ್ರಿ ಬಯಲಿನಲ್ಲಿ ಮೂರು ಇರುಳು, ಬೆಳಗಾಗುವವರೆಗೆ, ಸಂಗೀತ ನಡೆಸಲು ಪರವಾನಗಿ ಕೇಳಿದ್ದರು. ಹೈದರಾಬಾದಿನಿಂದ ಎಂಟು ಕಹಳೆಗಳ ಲೌಡ್‌ಸ್ಪೀಕರ್, ನಾಲ್ಕೂ ದಿಕ್ಕಿನಿಂದ ಕಲಾವಿದರು. ಪಟ್ಟಿಯ ಕೊನೆಗೆ ಇದ್ದ ಹೆಸರು ನೋಡಿ ಹಿಗ್ಗಿಹೋದೆ: ಭಾಲ್ಕಿಯ ಚನ್ನಬಸಮ್ಮ. ಚಿಕ್ಕವಳಿದ್ದಾಗ ಒಮ್ಮೆ ನಮ್ಮ ಊರ ಮಠದಲ್ಲಿ ಆಕೆ ಶರಣರ ವಚನ ಹಾಡಿದ್ದನ್ನು ಅಪ್ಪನ ಹೆಗಲ ಮೇಲೆ ಕುಳಿತು ಕೇಳಿದ್ದೆ. ಆ ದನಿ ಇನ್ನೊಮ್ಮೆ ಸಿಗುತ್ತದೆ! ಅರ್ಜಿಯನ್ನು ಕನ್ನಡಕ್ಕೆ ತಿರುಗಿಸುವಾಗ ನನ್ನ ಕೈ ಕುಣಿಯುತ್ತಿತ್ತು.

ಹಿಂದೆಯೇ ಆಕ್ಷೇಪಣೆ. ಉರ್ದುವಿನಲ್ಲಿ ಬರೆಸಿದ ಎರಡು ಹಾಳೆ, ಕೆಳಗೆ ಸಾಲು ಸಾಲು ಹೆಬ್ಬೆಟ್ಟು. ಮೊದಲ ಸಹಿ ರುಕ್ಮಿಣಿಬಾಯಿಯದು. ಹಲಬರ್ಗಾದಿಂದ ಬಂದು ಹೈದರಾಬಾದಿನಲ್ಲಿ ನರ್ಸಿನ ಕೆಲಸ ಕಲಿತು, ಚಿದ್ರಿ ಬಯಲಿನ ಅಂಚಿಗೇ ಆರು ಮಂಚದ ಹೆರಿಗೆ ಮನೆ ನಡೆಸುತ್ತಿದ್ದ ಹೆಣ್ಣುಮಗಳು. ನನ್ನ ಕೋಣೆಯಿಂದ ನಾಲ್ಕು ಮನೆ ಆಚೆ. ಮೂರು ರಾತ್ರಿ ಎಂಟು ಕಹಳೆ ಕೂಗಿದರೆ ಬಾಣಂತಿಯರು ಏನಾಗಬೇಕು, ಹೆರಿಗೆ ನೋವಿನಲ್ಲಿರುವವರ ಮಾತು ತನಗೆ ಹೇಗೆ ಕೇಳಿಸಬೇಕು, ಸುತ್ತಲಿನ ಕೂಲಿ ಜನ ಬೆಳಗ್ಗೆ ಹೇಗೆ ಏಳಬೇಕು ಎಂದು ಒಂದೊಂದಾಗಿ ಕೇಳಿದ್ದಳು.

ಎರಡು ಕಾಗದವನ್ನೂ ಓದಬೇಕಿದ್ದ ಸಭೆಯ ಹಿಂದಿನ ದಿನ ಶಿವಲಿಂಗಪ್ಪನವರು ನನ್ನ ಮೇಜಿಗೆ ಬಂದರು. "ಶಾಂತಾಬಾಯಿ, ಇದನ್ನ ಪೂರಾ ಯಾಕ ಬರೀತೀರಿ? ಸುಮ್ನ ತಲಿಬ್ಯಾನಿ. 'ಕೆಲವರಿಗೆ ಸ್ವಲ್ಪ ತೊಂದರೆ ಆಗಬಹುದು' ಅಂತ ಒಂದೇ ಸಾಲು ಹಾಕ್ರಿ. ಸುಳ್ಳೇನಲ್ಲಲ್ರಿ?"

ಸುಳ್ಳಲ್ಲ ಎಂದು ನಾನೂ ನನಗೆ ಹೇಳಿಕೊಂಡೆ. ಚನ್ನಬಸಮ್ಮನ ದನಿ ಕಿವಿಯಲ್ಲಿತ್ತು. ಎರಡು ಹಾಳೆಯನ್ನು ಒಂದೇ ಸಾಲಿಗೆ ಇಳಿಸಿದೆ.

ಸಭೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಸರಳಿಗೂ ಜನ. ನಾನು ಎದ್ದು ನಿಂತು ಅರ್ಜಿಯನ್ನು ಓದಿದೆ. ಆ ಗೋಡೆಗಳ ನಡುವೆ ಮೊದಲ ಬಾರಿಗೆ ಕನ್ನಡದ ಕಾಗದ ಓದಿದಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಆಕ್ಷೇಪಣೆಯ ಆ ಒಂದು ಸಾಲನ್ನು ಓದಿ ಕೂತೆ.

ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು. "ಟೀಚರಬಾಯಿ, ನಾ ಹೇಳಿದ್ದು ಇಷ್ಟೇ ಏನ್ರಿ?"

ರುಕ್ಮಿಣಿಬಾಯಿ. ಬಿಳಿ ಸೀರೆ, ತೋಳು ಮೇಲೆ ಮಡಚಿದ ಕುಪ್ಪಸ, ಕೆಲಸದಿಂದ ನೇರವಾಗಿ ಎದ್ದು ಬಂದಂತಿದ್ದಳು. ಖಾದರ್ ಸಾಹೇಬರು ಮೂಲ ಕಾಗದ ತೆಗೆದುಕೊಂಡು ಕಣ್ಣಾಡಿಸಿದರು. ನನ್ನನ್ನು ಬಯ್ಯಲಿಲ್ಲ. ಹಾಳೆಗಳನ್ನು ನನ್ನ ಕೈಗೆ ಕೊಟ್ಟು, "ಪೂರಾ ಓದವಾ. ಕನ್ನಡದಾಗ. ಸಾವಕಾಶ ಓದು" ಎಂದರು. ನಿಂತ ಕಾಲಿನಲ್ಲಿ ಉರ್ದು ನೋಡುತ್ತ ಕನ್ನಡ ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ.

ಓದಿ ಮುಗಿಸಿದ್ದೇ ತಡ, ಸಭೆ ಹೊತ್ತಿಕೊಂಡಿತು. ಬಟ್ಟೆ ವ್ಯಾಪಾರಿ ಮಾಣಿಕರಾವ್ ಎದ್ದರು. ಅವರ ಮನೆಮಾತು ಮರಾಠಿ, ಬೀದರ ಮೈಸೂರಿಗೆ ಹೋಗುವುದು ಅವರಿಗೆ ಬೇಡವಾಗಿತ್ತು. "ನೋಡ್ರಿ ಸಾಹೇಬ್ರ, ಮಂದಿಗೇ ಈ ಜಲ್ಸಾ ಬ್ಯಾಡಾಗ್ಯದ! ಈ ರಾಜ್ಯದ ಖುಷಿ ಯಾರಿಗದ ಹೇಳ್ರಿ? ಈ ಹೆಬ್ಬೆಟ್ಟೇ ಸಾಕ್ಷಿ" ಎಂದು ಮೇಜು ಕುಟ್ಟಿದರು.

ಶಿವಲಿಂಗಪ್ಪ ಬಿಟ್ಟಾರೆಯೇ? "ಇದು ತೊಂದರಿ ಮಾತಲ್ಲ, ರಾಜಕಾರಣ! ಈ ಬಾಯಿ ಮೊನ್ನಿ ದಸರಿಗೆ ನಾಗಪುರಕ್ಕ ಹೋಗಿ ಬೌದ್ಧ ದೀಕ್ಷಾ ತಗೊಂಡು ಬಂದಾರ. ವಚನ ಕೇಳೋದು ಅವರಿಗೆ ಯಾಕ ಬೇಕಾದೀತು?"

ಹಾಲ್ ಎರಡು ಪಾಲಾಗಿ ಕೂಗಾಡತೊಡಗಿತು. ರುಕ್ಮಿಣಿಬಾಯಿ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಮೊದಲು ವ್ಯಾಪಾರಿಯ ಕಡೆ ತಿರುಗಿದಳು. "ರಾವ್‌ಸಾಹೇಬ್ರ, ನನ್ನ ಕಾಗದ ನಿಮಗ ಸಾಕ್ಷಿ ಹೇಳ್ಲಾಕ ಬರಸಿಲ್ಲರಿ." ಆಮೇಲೆ ವಕೀಲರ ಕಡೆ. "ವಕೀಲ್ರ, ನಾ ದೀಕ್ಷಾ ತಗೊಂಡೀನಿ, ಖರೆ. ತಲಿ ಎತ್ತಿ ನಡೀಲಾಕ ತಗೊಂಡೀನಿ. ಹಾಡಿನ ಮ್ಯಾಲ ನನಗೇನ್ ಸಿಟ್ಟು? ನಾ ಬರಸಿದ್ದು ನಿದ್ದಿ ಬಗ್ಗೆ, ನೋವಿನ ಬಗ್ಗೆ. ರಾಜ್ಯದ ಬಗ್ಗೆ ಅಲ್ರಿ. ಹೆರೋ ಹೆಣ್ಮಗಳಿಗೆ ಮೈಸೂರೇನು, ಮುಂಬೈ ಏನು?"

ಖಾದರ್ ಸಾಹೇಬರು ಸಭೆಯನ್ನು ನಾಲ್ಕು ದಿನ ಮುಂದೂಡಿದರು.

ಮರುದಿನ ಬೆಳಗ್ಗೆ ಹೆರಿಗೆ ಮನೆಯ ಬಾಗಿಲಲ್ಲಿ ನಿಂತೆ. ಕ್ಷಮೆ ಕೇಳಲು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. "ತಪ್ಪಾತ್ರಿ" ಎಂದಷ್ಟೇ ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವತ್ತು ರಜಾ ಏನ್ರಿ?"

"ಹೌದ್ರಿ, ಐತವಾರ."

"ಹಂಗಾರ ಕೈ ತೊಳಕೊಂಡು ಒಳಗ ಬರ್ರಿ."

ಮಧ್ಯಾಹ್ನದವರೆಗೂ ನೀರು ಕಾಯಿಸಿದೆ, ಬಟ್ಟೆ ಮಡಚಿದೆ. ಒಳಗಿನ ಮಂಚದಲ್ಲಿ ಔರಾದದ ಕಡೆಯ ಒಬ್ಬ ಚೊಚ್ಚಲ ಬಸುರಿ; ದಿನ ತುಂಬಲು ಇನ್ನೂ ಸಮಯವಿದ್ದರೂ ದೂರದ ಊರೆಂದು ಮೊದಲೇ ಬಂದು ಸೇರಿದ್ದಳು. ರುಕ್ಮಿಣಿಬಾಯಿ ಆಕೆಯ ಹೊಟ್ಟೆಯ ಮೇಲೆ ಕಟ್ಟಿಗೆಯ ಒಂದು ಸಣ್ಣ ಕೊಳವೆಯನ್ನಿಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿ, ಉಸಿರು ಹಿಡಿದು ಆಲಿಸಿದಳು. ಆಮೇಲೆ ನನ್ನ ತಲೆಯನ್ನು ಬಗ್ಗಿಸಿ ಕಿವಿಯನ್ನು ಅಲ್ಲಿಗೆ ಹಚ್ಚಿಸಿದಳು. ಮೊದಲು ಏನೂ ಇಲ್ಲ. ಆಮೇಲೆ, ಅಬ್ಬಾ, ಎಲ್ಲಿಂದಲೋ ಬಹಳ ದೂರದಿಂದ, ಟಕ ಟಕ ಟಕ ಟಕ! ಮೆತ್ತಗೆ, ಅವಸರವಸರವಾಗಿ, ಓಡಿ ಬರುತ್ತಿರುವ ಪುಟ್ಟ ಹೆಜ್ಜೆಯಂತೆ. ನನಗೆ ನಗು ಬಂತು, ಕಣ್ಣೂ ತುಂಬಿತು.

ಅಷ್ಟರಲ್ಲೇ ಹೊರಗೆ ಬಯಲಿನಿಂದ "ಹಲೋ! ಹಲೋ! ಮೈಕ್ ಟೆಸ್ಟಿಂಗ್!" ಪರವಾನಗಿಗೂ ಮೊದಲೇ ಹೈದರಾಬಾದಿನ ಕಹಳೆಗಳು ಬಂದಿಳಿದಿದ್ದವು. ಕಿಟಕಿ ಅದುರಿತು. ಕೊಳವೆಯೊಳಗಿನ ಸದ್ದು ಸತ್ತೇಹೋಯಿತು. ನಾನು ಗಾಬರಿಯಿಂದ ಮತ್ತೆ ಮತ್ತೆ ಕಿವಿ ಒತ್ತಿದೆ. ಏನೂ ಇಲ್ಲ. ಬರೀ ಹಲೋ ಹಲೋ.

"ಈಗ ತಿಳೀತೇನ್ರಿ?" ಎಂದಳು ರುಕ್ಮಿಣಿಬಾಯಿ. "ಕೂಸಿನ ಗುಂಡಿಗಿ ನಿಧಾನ ಆಗ್ಲತ್ತದೋ ಇಲ್ಲೋ, ಇದರಾಗಷ್ಟೇ ನನಗ ಗೊತ್ತಾಗೋದು. ಅದು ಕೇಳ್ಸಲಿಲ್ಲಂದ್ರ ನಾ ಕುರುಡಿ."

ಟೆಸ್ಟಿಂಗ್ ನಿಂತ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಚಹಾ ಕುಡಿದೆವು. ನಾನು ಚನ್ನಬಸಮ್ಮನ ಸುದ್ದಿ ತೆಗೆದೆ. ಅಪ್ಪನ ಹೆಗಲು, ಮಠ, ಆ ದನಿ, ಎಲ್ಲ ಹೇಳಿದೆ. ಆಕೆ ಕೇಳಿಸಿಕೊಂಡು, "ಭಾಲ್ಕಿ ಚನ್ನಬಸಮ್ಮ ಅಂದ್ರ ಹಲಬರ್ಗಾಕ್ಕೂ ಬರ್ತಿದ್ರು. ನಾವು ದೂರ ನಿಂತು ಕೇಳಬೇಕಿತ್ತು. ಅಷ್ಟು ದೂರಕ್ಕ ಹಾಡು ಪೂರಾ ಬರ್ತಿರಲಿಲ್ಲ" ಎಂದಳು. ದನಿಯಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ನಾನು ಕೇಳಿದೆ: "ಬಾಯಿ, ಹಗಲಿನಾಗ ಮಾಡಿದ್ರ?"

ಆಕೆ ಕಪ್ಪು ಕೆಳಗಿಟ್ಟಳು. ನಾನು ಕಾಗದ ಪೆನ್ಸಿಲ್ ಹಿಡಿದೆ. ಸಂಜೆಯ ಹೊತ್ತಿಗೆ ಷರತ್ತುಗಳು ಸಿದ್ಧವಾದವು. ಮೂರು ಇರುಳಿನ ಬದಲು ಒಂದೇ ಹಗಲು, ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ. ಹೆರಿಗೆ ಮನೆಯ ಕಡೆ ಒಂದು ಕಹಳೆಯೂ ಇರಕೂಡದು. ಎಲ್ಲಕ್ಕಿಂತ ಮುಖ್ಯ, ಹೆರಿಗೆ ಮನೆಯ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಏರಿದರೆ, ಅದು ಇಳಿಯುವವರೆಗೆ ಲೌಡ್‌ಸ್ಪೀಕರ್ ಬಂದ್.

ಎರಡನೇ ಸಭೆಯಲ್ಲಿ ಈ ಮೂರನ್ನೂ ನಾನೇ ಓದಿದೆ. ಮೂರನೆಯದಕ್ಕೆ ಶಿವಲಿಂಗಪ್ಪ ಸಿಡಿದು ನಿಂತರು. "ಇದೇನ್ ರೇಲ್ವೆ ಸಿಗ್ನಲ್ ಏನ್ರಿ? ದೊಡ್ಡ ದೊಡ್ಡ ಅಧಿಕಾರಿಗಳು ಮುಂದ ಕೂತಿರ್ತಾರ, ನಡು ಹಾಡಿನಾಗ ಬಂದ್ ಮಾಡ್ಲೇನು?" ಮಾಣಿಕರಾವರಿಗೂ ಸಮಾಧಾನವಿಲ್ಲ. ಕಾರ್ಯಕ್ರಮವೇ ಬೇಡ ಎಂಬುದು ಅವರ ಪಟ್ಟು. ಎರಡು ತಾಸು ಕಾವೇರಿದ ವಾದ. ನಾನು ಕುರ್ಚಿಯ ತುದಿಯಲ್ಲಿ ಕೂತು, ಬರೆಯುವುದನ್ನೂ ಮರೆತು, ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಕಡೆಗೆ ಅಧ್ಯಕ್ಷರು ಕೇಳಿದರು: "ವಕೀಲ್ ಸಾಬ್, ನಿಮ್ಮ ಮನ್ಯಾಗ ಸೊಸಿ ಬಸುರಿ ಇದ್ದಾಗ ಯಾರನ್ನ ಕರದಿದ್ರಿ?"

ಶಿವಲಿಂಗಪ್ಪ ತಲೆ ಕೆಳಗೆ ಹಾಕಿದರು. "ರುಕ್ಮಿಣಿಬಾಯಿನ್ನ" ಎಂದರು.

ಕೈಗಳು ಒಂದೊಂದಾಗಿ ಮೇಲೆದ್ದವು. ನಾನು ಎಣಿಸುವ ಮೊದಲೇ ಕಿಟಕಿಯ ಜನ ಕೂಗಿ ಹೇಳಿಬಿಟ್ಟರು. ಪರವಾನಗಿ ಪಾಸ್! ಆ ಸಂಜೆ ಒಳ್ಳೆಯ ಕಾಗದದ ಮೇಲೆ, ದುಂಡಗಿನ ಅಕ್ಷರದಲ್ಲಿ, ನಾನು ಅದನ್ನು ಬರೆದೆ. ಕೆಳಗೆ ಖಾದರ್ ಸಾಹೇಬರು ಮೊದಲ ಬಾರಿಗೆ ಕನ್ನಡದಲ್ಲಿ ಸಹಿ ಮಾಡಿದರು. ಅದಕ್ಕಾಗಿ ಎರಡು ದಿನ ಗುಟ್ಟಾಗಿ ಅಭ್ಯಾಸ ಮಾಡಿದ್ದರಂತೆ. 'ಖಾ'ದ ಹೊಟ್ಟೆ ಜರಾ ದೊಡ್ಡದಾಗಿತ್ತು.

ನವೆಂಬರ್ ಒಂದರಂದು ನಾವು ಮೈಸೂರಿನವರಾದೆವು. ಕಚೇರಿಯ ಮುಂದೆ ಪೇಢೆ ಹಂಚಿದರು. ಆದರೆ ನನ್ನ ಜೀವವೆಲ್ಲ ಮುಂದಿನ ವಾರದ ಮೇಲಿತ್ತು.

ಆ ದಿನ ಹೊತ್ತು ಮೂಡುವ ಮೊದಲೇ ಚಿದ್ರಿಯ ದಾರಿಯಲ್ಲಿ ಬಂಡಿಗಳ ಸಾಲು. ಭಾಲ್ಕಿಯಿಂದ, ಔರಾದದಿಂದ, ಹಲಬರ್ಗಾದಿಂದ ಜನ ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಮ್ಮ ಅಪ್ಪ ಠಾಣಾ ಕುಶನೂರಿನ ಅರ್ಧ ಊರನ್ನೇ ಎಬ್ಬಿಸಿಕೊಂಡು ಬಸ್ಸಿನ ಮಾಳಿಗೆಯ ಮೇಲೆ ಕೂತು ಬಂದರು. ಬೆಳಗ್ಗೆ ಶಹನಾಯಿ, ಆಮೇಲೆ ಔರಾದದ ಭಜನೆ, ಬೀದರಿನ ಕವಾಲಿ. ಮಾಣಿಕರಾವ್ ಕೂಡ ಬಂದಿದ್ದರು! ಹಿಂದೆ ನಿಂತು, ಮರಾಠಿ ಅಭಂಗ ಶುರುವಾದಾಗ ಯಾರೂ ನೋಡುತ್ತಿಲ್ಲವೆಂದು ತಿಳಿದು ತಾಳ ಹಾಕುತ್ತಿದ್ದರು. ಮಧ್ಯಾಹ್ನದವರೆಗೆ ಒಮ್ಮೆಯೂ ಬಿಳಿ ಬಟ್ಟೆ ಏರಲಿಲ್ಲ.

ಮೂರರ ಸುಮಾರಿಗೆ ಚನ್ನಬಸಮ್ಮ ವೇದಿಕೆ ಹತ್ತಿದಳು. ಕುಳ್ಳಗಿನ ದೇಹ, ಹಣೆ ತುಂಬ ವಿಭೂತಿ, ಕೈಯಲ್ಲಿ ಏಕತಾರಿ. ಒಂದು ಆಲಾಪ ತೆಗೆದಳು ನೋಡಿ, ಕಹಳೆಗಳಿಂದ ಆ ದನಿ ಬಯಲನ್ನೆಲ್ಲ ತುಂಬಿತು. ನನ್ನ ಪಕ್ಕ ಅಪ್ಪ ಕಣ್ಣು ಮುಚ್ಚಿದರು. ಎರಡನೆಯ ವಚನ ಎತ್ತಿಕೊಂಡು ಅದು ಏರುತ್ತ ಏರುತ್ತ ತುದಿಗೆ ಹೋಗುವ ಹೊತ್ತಿಗೆ, ಯಾಕೋ ತಿರುಗಿ ನೋಡಿದೆ. ಮಾಳಿಗೆಯ ಮೇಲೆ ಬಿಳಿ ಬಟ್ಟೆ.

ಮೈಕಿನವನೂ ನೋಡಿದ. ಅವನು ಶಿವಲಿಂಗಪ್ಪನವರನ್ನು ನೋಡಿದ. ಶಿವಲಿಂಗಪ್ಪ ಮುಂದಿನ ಸಾಲಿನ ಅಧಿಕಾರಿಗಳನ್ನು ನೋಡಿದರು. ನಾನು ಎದ್ದು ಜನರ ನಡುವೆ ತುಳಿಯುತ್ತ, ತಳ್ಳುತ್ತ ವೇದಿಕೆಯ ಬಳಿಗೆ ಓಡಿದೆ. "ವಕೀಲ್ರ, ಬಟ್ಟಿ ಏರ್ಯಾದ್ರಿ!" ನನ್ನ ಕಿವಿಯಲ್ಲಿ ಚನ್ನಬಸಮ್ಮನ ದನಿ ಇರಲಿಲ್ಲ, ಆ ಟಕ ಟಕ ಸದ್ದಿತ್ತು. ಅವರು ಒಮ್ಮೆ ಮಾಳಿಗೆ ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ತಾವೇ ಹೋಗಿ, ತಮ್ಮ ಕೈಯಾರೆ ವೈರು ಕಿತ್ತರು.

ಬಯಲು ಒಮ್ಮೆಗೇ ಖಾಲಿಯಾದಂತಾಯಿತು. ಜನ ಗುಜುಗುಜು ಶುರು ಮಾಡಿದರು. ಶಿವಲಿಂಗಪ್ಪ ಗಾಯಕಿಯ ಕಿವಿಯಲ್ಲಿ ಸಂಗತಿ ಹೇಳಿದರು. ಚನ್ನಬಸಮ್ಮ ನಕ್ಕಳು. "ಹೆರಿಗಿ ನಡದದಂದ್ರ ಒದರಬಾರದಪಾ. ಈ ಡಬ್ಬಿ ಬಂದದ್ದು ನಿನ್ನಿ ಮೊನ್ನಿ. ಹಾಡು ಮೊದಲಿಂದ ಅದ" ಎಂದು ಏಕತಾರಿ ಹಿಡಿದು ವೇದಿಕೆ ಇಳಿದೇಬಿಟ್ಟಳು! ಜನರ ನಡುವೆ ನಡೆದುಬಂದು, ಕೆಂಪು ಮಣ್ಣಿನ ಮೇಲೆ ಕೂತು, ಮೆಲ್ಲಗೆ ಶುರು ಮಾಡಿದಳು. ದೂರದವರು ಎದ್ದು ಹತ್ತಿರ ಬಂದರು. ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಅಧಿಕಾರಿಗಳೂ ಕುರ್ಚಿ ಬಿಟ್ಟು ನೆಲಕ್ಕೆ ಕೂತರು. ಅಷ್ಟು ಸಾವಿರ ಜನ ಉಸಿರು ಬಿಗಿಹಿಡಿದು ಒಂದು ಸಣ್ಣ ದನಿಗೆ ಕಿವಿಗೊಟ್ಟದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಒಂದು ತಾಸಿನ ಮೇಲೆ ಬಟ್ಟೆ ಇಳಿಯಿತು. ಶಿವಲಿಂಗಪ್ಪ ವೈರು ಕೂಡಿಸಲು ಎದ್ದರೆ ಜನವೆಲ್ಲ, "ಬ್ಯಾಡ್ರಿ, ಬ್ಯಾಡ್ರಿ! ಹಿಂಗೇ ಇರ್ಲಿ!" ಎಂದರು. ಹೊತ್ತು ಮುಳುಗುವವರೆಗೆ ಹಾಗೆಯೇ ನಡೆಯಿತು.

ಸಂಜೆ ಓಡುತ್ತ ಹೆರಿಗೆ ಮನೆಗೆ ಹೋದೆ. ಔರಾದದ ಆ ಚೊಚ್ಚಲ ಬಾಣಂತಿಯ ಮಗ್ಗುಲಲ್ಲಿ ಹೆಣ್ಣು ಕೂಸು, ಮುಷ್ಟಿ ಬಿಗಿದು ಮಲಗಿತ್ತು. ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡಿತ್ತಂತೆ. ಗುಂಡಿಗೆ ನಿಧಾನವಾದದ್ದು ಸಮಯಕ್ಕೆ ಸರಿಯಾಗಿ ಕೇಳಿಸಿತಂತೆ. ರುಕ್ಮಿಣಿಬಾಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು, ದಣಿದು ಹಣ್ಣಾಗಿದ್ದಳು.

"ಚನ್ನಬಸಮ್ಮನ ಹಾಡು ಹ್ಯಾಂಗಿತ್ರಿ?" ಎಂದು ಕೇಳಿದಳು. "ಹೆರಿಗಿ ಗಡಿಬಿಡ್ಯಾಗ ನನಗ ಒಂದೂ ಕೇಳ್ಸಲಿಲ್ಲ ನೋಡ್ರಿ."

ಹೇಳಲು ಹೋದೆ. ನಾನು ಹೇಳಿದರೆ ಸಾಲದು ಅನ್ನಿಸಿತು. ಅಲ್ಲಿಂದ ನೇರ ಚನ್ನಬಸಮ್ಮ ಇಳಿದುಕೊಂಡಿದ್ದ ಮನೆಗೆ ನಡೆದೆ.

ಮರುದಿನ ಬೆಳಗ್ಗೆ, ಭಾಲ್ಕಿಯ ಬಸ್ಸಿಗೆ ಇನ್ನೂ ಒಂದು ತಾಸಿರುವಾಗ, ಚನ್ನಬಸಮ್ಮ ನನ್ನ ಹಿಂದೆ ಹೆರಿಗೆ ಮನೆಗೆ ಬಂದಳು. ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಹೊರಗೇ ನಿಂತು, ಏಕತಾರಿಯನ್ನು ಎದೆಗೆ ಒತ್ತಿಕೊಂಡು ಕೇಳಿದಳು:

"ಒಳಗ ಬಂದು ಒಂದು ಹಾಡ್ಲೇನವ್ವಾ? ನಿನ್ನ ಪರವಾನಗಿ ಅದೇನು?"

ರುಕ್ಮಿಣಿಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತುಬಿಟ್ಟಳು. ಆರು ಮಂಚಗಳ ಕಡೆ ಒಮ್ಮೆ ನೋಡಿದಳು. ಎಲ್ಲರೂ ಎಚ್ಚರವಿದ್ದರು. ಆಕೆ ತಾನೇ ಚಾಪೆ ಹಾಸಿ, ಗಾಯಕಿಯನ್ನು ಕೂಡಿಸಿ, ಎದುರಿಗೆ ಕೂತಳು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

"ಹಾಡ್ರಿ" ಎಂದಳು. "ಪೂರಾ ಹಾಡ್ರಿ."